ಶಾಂತತ್ತೆಯ ನಡುಗಡ್ಡೆಗೆ ಕಪ್ಪೆ ಬಂದ ಬಗೆ

ಇಳಕಲ್ಲಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ನನ್ನನ್ನು ಕಂಡರೆ ಮುಸಿಮುಸಿ ನಗುತ್ತಾರೆ. ಅದಕ್ಕೆ ಕಾರಣ ನನ್ನ ಮುಖವಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ಕಾರಣ ನನ್ನ ಕೈಚೀಲ. ನಾಲ್ಕೇ ನಾಲ್ಕು ಬದನೆಕಾಯಿ ಕೊಂಡರೂ ಸರಿಯೇ, ಚೀಲದ ಬಾಯಿಯನ್ನು ಹುರಿಯಿಂದ ಬಿಗಿದು, ಒಂದು ಗಂಟು ಹಾಕಿ, ಆ ಗಂಟಿನ ಪ್ರಾಮಾಣಿಕತೆಯಲ್ಲಿ ವಿಶ್ವಾಸವಿಲ್ಲದೆ ಅದರ ಮೇಲೆ ಇನ್ನೊಂದು ಗಂಟು ಹಾಕಿದ ಹೊರತು ನಾನು ಅಲ್ಲಿಂದ ಹೆಜ್ಜೆ ಕೀಳುವುದಿಲ್ಲ. “ಬದನಿಕಾಯಿ ಜಿಗದು ಹೋಗಂಗಿಲ್ರಿ ಯಪ್ಪಾ” ಎಂದು ಒಬ್ಬಾಕೆ ಒಮ್ಮೆ ನನಗೆ ಧೈರ್ಯ ತುಂಬಿದಳು. ಬದನೆಕಾಯಿ ಜಿಗಿಯುವುದಿಲ್ಲವೆಂಬ ಸಂಗತಿ ನನಗೂ ಗೊತ್ತು. ಆದರೆ ಒಮ್ಮೆ ಚೀಲದೊಳಗಿಂದ ಜಿಗಿತವನ್ನು ಕಂಡವನ ಕೈಬೆರಳುಗಳು ಬುದ್ಧಿಯ ಮಾತನ್ನು ಕೇಳುವುದಿಲ್ಲ. ಆ ಜಿಗಿತದ ಕಥೆಯನ್ನೇ ನಿಮಗೆ ಈಗ ಹೇಳಬೇಕೆಂದಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅವಿವಾಹಿತ, ಸಾಧು, ಶುದ್ಧ ಸಸ್ಯಾಹಾರಿ. ಕಪ್ಪೆಯನ್ನು ಕೊಯ್ದು ಅದರ ಹೃದಯ ಎಲ್ಲಿದೆಯೆಂದು ಹುಡುಗರಿಗೆ ತೋರಿಸುವುದು ನನ್ನ ಉದ್ಯೋಗ. ಕತ್ತರಿ ಇಡುವ ಕ್ಷಣದಲ್ಲಿ ನಾನು ಕಣ್ಣು ಮುಚ್ಚುತ್ತಿದ್ದೆ. ಹುಡುಗರು ಅದನ್ನು ಏಕಾಗ್ರತೆಯೆಂದು ತಿಳಿದು ನನ್ನ ಮೇಲೆ ಗೌರವ ಬೆಳೆಸಿಕೊಂಡಿದ್ದರು. ನಾನು ಆ ಗೌರವವನ್ನು ತಿದ್ದಲು ಹೋಗಲಿಲ್ಲ.

ಒಂದು ಏಪ್ರಿಲಿನಲ್ಲಿ ಪ್ರಾಯೋಗಿಕ ಪರೀಕ್ಷೆಗೆಂದು ಕರಾವಳಿಯ ಕಡೆಯಿಂದ ಎರಡು ಡಜನ್ ಕಪ್ಪೆಗಳು ಬಿದಿರಿನ ಬುಟ್ಟಿಯಲ್ಲಿ ಬಂದಿಳಿದವು. ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ, ಬಾದಾಮಿಯ ಕೆಂಪು ಬಂಡೆಗಳನ್ನು ಬುಟ್ಟಿಯ ಸಂದಿನಿಂದ ನೋಡುತ್ತ ಬಂದ ಪ್ರವಾಸಿಗಳು ಅವು. ನಮ್ಮ ಸೀಮೆಯಲ್ಲಿ ಕಪ್ಪೆಗಳಿಲ್ಲವೆಂದಲ್ಲ. ಆದರೆ ಇವುಗಳ ಗಾತ್ರವೇ ಬೇರೆ, ಗತ್ತೇ ಬೇರೆ. ಅಂಗೈ ತುಂಬಿ ಹೊರಚೆಲ್ಲುವ ಗೂಳಿಗಪ್ಪೆಗಳು. ಹಸಿರು ಬೆನ್ನಿನ ನಡುವೆ ಒಂದು ತೆಳು ಗೆರೆ, ಮುಖದಲ್ಲಿ ನಿವೃತ್ತ ಮಾಮಲೇದಾರರ ಗಾಂಭೀರ್ಯ. ಒಂದು ವಾರ ಅವು ಪ್ರಯೋಗಾಲಯದ ಮೂಲೆಯಲ್ಲಿ ಒಂದು ಸದ್ದೂ ಮಾಡದೆ ನನ್ನನ್ನೇ ನೋಡುತ್ತ ಕುಳಿತಿದ್ದವು. ಅಷ್ಟರಲ್ಲಿ ಪರೀಕ್ಷೆ ಮುಂದೆ ಹೋಯಿತು. ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, “ಇವನ್ನ ಇವತ್ತ ವಿಲೇವಾರಿ ಮಾಡಿಬಿಡ್ರಿ” ಎಂದು ಹೋದರು. ವಿಲೇವಾರಿಯೆಂದರೆ ಔಷಧ ತುಂಬಿದ ಗಾಜಿನ ಭರಣಿ ಎಂಬುದು ನನಗೂ ತಿಳಿದಿತ್ತು, ಕಪ್ಪೆಗಳಿಗೂ ತಿಳಿದಿತ್ತೆಂದು ಅವುಗಳ ನೋಟದಿಂದ ತೋರುತ್ತಿತ್ತು. ಉಭಯಚರಗಳಿಂದ ಉಭಯಸಂಕಟಕ್ಕೆ ಸಿಕ್ಕವನು ನಾನೊಬ್ಬನೇ ಇರಬೇಕು. ಸಂಜೆಯೊಳಗೆ ನಾನು ಸೇವಾನಿಷ್ಠೆಯನ್ನು ಬಿಟ್ಟು ಒಂದು ದೊಡ್ಡ ಗೋಣಿಬಟ್ಟೆಯ ಚೀಲವನ್ನು ಹಿಡಿದೆ. ಮರುದಿನ ರವಿವಾರ. ಕಪ್ಪೆಗಳನ್ನು ತುಂಬಿಕೊಂಡು ಶಾಂತತ್ತೆಯ ನಡುಗಡ್ಡೆಗೆ ಹೊರಟೆ.

ಶಾಂತತ್ತೆ ನನ್ನ ತಂದೆಯ ತಂಗಿ. ಹದಿನಾರನೆಯ ವರ್ಷಕ್ಕೆ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ಆ ಮನೆಯಲ್ಲಿ ಆರು ಮಗ್ಗಗಳಿದ್ದವು, ಹದಿನೆಂಟು ಬಾಯಿಗಳಿದ್ದವು. ಎರಡರಲ್ಲಿ ಯಾವುದೂ ಎಂದೂ ನಿಂತದ್ದಿಲ್ಲ. ಮಕ್ಕಳಿಲ್ಲ. ಐವತ್ತು ದಾಟುವ ಹೊತ್ತಿಗೆ ಗಂಡ ತೀರಿಹೋದ. ಹೊಳೆಯ ನಡುವೆ ಗಂಡನ ಪಾಲಿಗೆ ಬಂದಿದ್ದ ತುಂಡು ಭೂಮಿಯೊಂದು ಕಮತಗಿಯ ಸಮೀಪ ಮಲಪ್ರಭೆಯಲ್ಲಿತ್ತು. ಸುತ್ತ ನೀರು, ಎತ್ತರದಲ್ಲಿ ಒಂದು ಬೇವಿನ ಮರ, ತಗ್ಗಿನಲ್ಲಿ ವರ್ಷವಿಡೀ ಒಣಗದ ಎರಡು ಹೊಂಡ. ಅತ್ತೆ ಒಂದು ಮುಂಜಾನೆ ಟ್ರಂಕು ಹೊತ್ತು ಅಲ್ಲಿಗೆ ಹೋಗಿ ಗುಡಿಸಲು ಹಾಕಿಸಿಕೊಂಡು, ಬದನೆ, ಸೌತೆ, ಶೇಂಗಾ ಬೆಳೆಯುತ್ತ ಕುಳಿತುಬಿಟ್ಟಳು. ಮನೆತನದವರೆಲ್ಲ ಬೈದರು. ನಾನು ಕಾರಣ ಕೇಳಿದಾಗ ಅವಳು ಹೇಳಿದ್ದು ಇಷ್ಟೆ: “ಬಸ್ಯಾ, ಸಾಯೂದ್ರಾಗ ಒಮ್ಮೆ ನನ್ನ ಉಸುರಿನ ಸಪ್ಪಳ ನನಗ ಕೇಳಬೇಕೋ.”

ಇಂಥವಳ ಮನೆಗೆ ನಾನು ಕಪ್ಪೆ ಒಯ್ದೆ. ನನ್ನನ್ನು ಬೈಯುವ ಮೊದಲು ನನ್ನ ವೈಜ್ಞಾನಿಕ ತರ್ಕವನ್ನು ಕೇಳಿ: ಒಂದು ವಾರ ನಾನು ಸ್ವತಃ ಗಮನಿಸಿದ್ದೇನೆ, ಈ ಜಾತಿಯ ಕಪ್ಪೆ ಒದರುವುದಿಲ್ಲ.

ಕಮತಗಿಯ ಬಸ್ಸಿನಲ್ಲಿ ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಕುಳಿತೆ. ಬಸ್ಸು ಹೊರಟು ಅರ್ಧ ತಾಸಾಗಿರಬೇಕು, ನನ್ನ ಕಾಲ ನಡುವಿನಿಂದ “ಗ್ವಾಂವ್” ಎಂಬ ಗಂಭೀರ ಧ್ವನಿಯೊಂದು ಹೊರಟಿತು. ನಾನು ತಕ್ಷಣ ಹೊಟ್ಟೆ ಹಿಡಿದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಮರುಕದಿಂದ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಅಜವಾನ ಕೊಟ್ಟಳು. “ತಿನ್ನಪಾ, ವಾಯು ಹಿಡದೈತಿ.” ನಾನು ಕೃತಜ್ಞತೆಯಿಂದ ಅಗಿದೆ. ಇನ್ನೊಂದು ಗ್ವಾಂವ್. ಇನ್ನೊಂದು ಚಿಟಿಕೆ. ಮೂರನೆಯದಕ್ಕೆ ಅಜವಾನದ ಅವಶ್ಯಕತೆ ಬೀಳಲಿಲ್ಲ. ಹುರಿಯ ಒಂಟಿ ಗಂಟು ಸಡಿಲಾಗಿ, ಚೀಲದ ಬಾಯಿಂದ ಒಂದು ಕಪ್ಪೆ ನೆಗೆದು ಮುದುಕಿಯ ರೊಟ್ಟಿಯ ಬುಟ್ಟಿಯಲ್ಲಿ ಆಸೀನವಾಯಿತು. ಆಕೆ ರೊಟ್ಟಿಯನ್ನು ನೋಡಿದಳು, ಕಪ್ಪೆಯನ್ನು ನೋಡಿದಳು, ಕೊನೆಗೆ ನನ್ನ ಹೊಟ್ಟೆಯನ್ನು ನೋಡಿ, “ಅಯ್ಯ ನಮ್ಮಪ್ಪಾ, ಇದು ಹೊಟ್ಟ್ಯಾಗ ಇತ್ತೇನೋ!” ಎಂದು ಕೂಗಿದಳು. ಬಸ್ಸು ನಿಂತಿತು. ನಾನು ಸೀಟುಗಳ ಕೆಳಗೆ ತೆವಳಿ ಆ ಒಂದನ್ನು ಹಿಡಿಯುವಷ್ಟರಲ್ಲಿ ಇನ್ನೂ ಮೂರು ಹೊರಬಂದಿದ್ದವು. ಕಂಡಕ್ಟರ್ ಮೇಲಿನಿಂದ ನಿರ್ದೇಶನ ಕೊಟ್ಟ. ಪ್ರಯಾಣಿಕರು ಕಾಲೆತ್ತಿ ಕುಳಿತು ಹುರಿದುಂಬಿಸಿದರು. ಎಲ್ಲವನ್ನೂ ಹಿಡಿದ ಮೇಲೆ ಕಂಡಕ್ಟರನೇ ತನ್ನ ಕೈಯಾರೆ ಎರಡು ಗಂಟು ಹಾಕಿ, “ಮಾಸ್ತರ, ನಿಮ್ಮ ವಿದ್ಯಾ ಏನಾರ ಇರಲಿ, ಗಂಟು ಹಾಕೂದು ಕಲೀರಿ” ಎಂದ. ಒದರಿದ್ದು ಬಸ್ಸಿನ ಕುಲುಕಾಟಕ್ಕೆ, ನೀರು ಕಂಡರೆ ಸುಮ್ಮನಾದಾವು ಎಂದು ನಾನು ನನ್ನ ತರ್ಕವನ್ನು ತಿದ್ದಿಕೊಂಡೆ.

ಹೊಳೆಯ ದಂಡೆಯಲ್ಲಿ ಮೀರಾಸಾಬ ಹರಿಗೋಲು ಹಿಡಿದು ನಿಂತಿದ್ದ. ನಡುಗಡ್ಡೆಗೂ ಜಗತ್ತಿಗೂ ಇದ್ದ ಏಕೈಕ ಸಂಬಂಧ ಅವನು. ಆ ದಂಡೆಯಿಂದ ಈ ದಂಡೆಗೆ ಕೂಗುವವರ ಮಾತನ್ನು ನಲವತ್ತು ವರ್ಷ ಕೇಳಿ ಕೇಳಿ ಅವನ ಕಿವಿ ಎಷ್ಟು ಹರಿತವಾಗಿತ್ತೆಂದರೆ, ಬಿರುಗಾಳಿಯಲ್ಲೂ ಯಾರು ಯಾರನ್ನು ಬೈದರೆಂದು ಹೇಳಬಲ್ಲ.

“ಅಕ್ಕಾರು ಸಂತಿಗೆ ಹೋಗ್ಯಾರ್ರಿ” ಎಂದ. ಅವನಿಗೆ ನನ್ನ ಅತ್ತೆ ಅಕ್ಕಾರು. “ಚೀಲದಾಗ ಏನೈತ್ರಿ?”

“ಗೆಣಸು” ಎಂದೆ.

ಮೀರಾಸಾಬ ಚೀಲವನ್ನು ಸ್ವಲ್ಪ ಹೊತ್ತು ನೋಡಿದ. “ಗೆಣಸು ಉಸುರಾಡ್ತಾವೇನ್ರಿ?”

ಸುಳ್ಳಿನ ಮೇಲೆ ಸುಳ್ಳು ಹೇರಿದರೆ ಹರಿಗೋಲು ಮುಳುಗೀತೆಂದು ನಾನು ನಿಜ ಹೇಳಿ, ಯಾರಿಗೂ ತಿಳಿಸಬಾರದೆಂದು ಮಾತು ತೆಗೆದುಕೊಂಡೆ. ಹೊಂಡದ ಬದಿಯಲ್ಲಿ ಚೀಲ ಬಿಚ್ಚಿದಾಗ ಇಪ್ಪತ್ನಾಲ್ಕೂ ಮಾಮಲೇದಾರರು ಒಂದರ ಹಿಂದೊಂದು ಅವಸರವಿಲ್ಲದೆ ನೀರಿಗಿಳಿದರು. ಒಂದು ಮಾತ್ರ ತಿರುಗಿ ನನ್ನತ್ತ ನೋಡಿತು. ಅದನ್ನು ನಾನು ಕೃತಜ್ಞತೆಯೆಂದು ತಿಳಿದು ಕಣ್ಣೊರೆಸಿಕೊಂಡೆ.

ಜೂನಿನಲ್ಲಿ ಅತ್ತೆಯ ಕಾರ್ಡು ಬಂತು. “ಬಸ್ಯಾ, ಮಳಿ ಆದ ಮರುದಿನದಿಂದ ಹೊಂಡದಾಗ ಕೋಣ ಒದರಿದಂಗ ಒದರ್ತಾವು. ಕಪ್ಪಿ ಅಂತಾನ ಮೀರಾಸಾಬ. ಹಳದಿ ಬಣ್ಣ ಇದ್ವು. ಕಪ್ಪಿ ಹಳದಿ ಇರ್ತಾವೇನು? ನೀ ಕಪ್ಪಿ ಮಾಸ್ತರ ಅಲ್ಲೇನು, ಬಂದು ನೋಡು.” ನಾನು ನನ್ನ ಪಠ್ಯಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಕಪ್ಪೆಯ ಯಕೃತ್ತಿನ ಬಣ್ಣ ಇತ್ತು, ಪಿತ್ತಕೋಶದ ಬಣ್ಣ ಇತ್ತು. ಮಳೆಯಲ್ಲಿ ನಿಂತ ಕಪ್ಪೆಯ ಬಣ್ಣವನ್ನು ಯಾರೂ ಬರೆದಿರಲಿಲ್ಲ. ನಾನು ಹೋಗುವಷ್ಟರಲ್ಲಿ ಆ ಹಳದಿ ಮಾಯವಾಗಿತ್ತು. ಅವಳಿಗೆ ವಯಸ್ಸಾಯಿತು, ಕಣ್ಣಿಗೆ ಪೊರೆ ಬಂದಿರಬೇಕೆಂದು ನಿರ್ಧರಿಸಿ, ಕಪ್ಪೆಗಳಿಗೆ ಕಾಮಾಲೆಯಾಗಿರಬಹುದೆಂದು ಹೇಳಿ ಬಂದೆ.

ಮುಂದಿನ ಮಳೆಗಾಲಕ್ಕೆ ಇಪ್ಪತ್ನಾಲ್ಕು ಹೋಗಿ ನೂರಾರಾಗಿದ್ದವು. ಅತ್ತೆ ಕಿವಿಗೆ ಹತ್ತಿ ತುರುಕಿಕೊಂಡು ನನ್ನನ್ನು ಕರೆಸಿದಳು. ಪಾಪಪ್ರಜ್ಞೆಯೆಂಬುದು ಮನುಷ್ಯನಿಂದ ಎಷ್ಟು ದುಡಿಸುತ್ತದೆಯೆಂದರೆ, ಆ ವರ್ಷ ರವಿವಾರ ಬಂತೆಂದರೆ ನಾನೂ ಮೀರಾಸಾಬನೂ ಅವನ ಹಳೆಯ ಮೀನುಬಲೆ ಹಿಡಿದು ಕೆಸರಿನಲ್ಲಿ ಬೀಳುತ್ತ ಏಳುತ್ತ ಕಪ್ಪೆ ಹಿಡಿಯುತ್ತಿದ್ದೆವು. ಬೀಳುತ್ತಿದ್ದವನು ನಾನು, ಏಳಿಸುತ್ತಿದ್ದವನು ಅವನು. ಹಿಡಿದವನ್ನು ಆಚೆಯ ದಂಡೆಗೆ ಒಯ್ದು ಬಿಡುತ್ತಿದ್ದೆವು. ಇದರ ಫಲವಾಗಿ ನಡುಗಡ್ಡೆಯಲ್ಲಿ ಒಂದೂ ಕಡಿಮೆಯಾಗದೆ, ದಂಡೆಯ ತೋಟದ ಬಾವಿಗಳಲ್ಲಿಯೂ ಅದೇ ಘೋಷ ಶುರುವಾಯಿತು. ಕಮತಗಿಯ ರೈತರು ಅವುಗಳಿಗೆ “ಶಾಂತವ್ವನ ಕಪ್ಪಿ” ಎಂದು ಹೆಸರಿಟ್ಟರು. ಪ್ರಾಣಿಶಾಸ್ತ್ರಜ್ಞನೊಬ್ಬ ತನ್ನ ಅತ್ತೆಯ ಹೆಸರಿನ ಕಪ್ಪೆಯ ಪ್ರಸಾರಕ್ಕೆ ಕಾರಣನಾದ ಉದಾಹರಣೆ ಇತಿಹಾಸದಲ್ಲಿ ಇನ್ನೊಂದಿರಲಾರದು.

ಇಷ್ಟರವರೆಗೆ ನಗು. ಮೂರನೆಯ ಮಳೆಗಾಲದ ನಡುವೆ ನಾನು ಹೋದಾಗ ಅತ್ತೆ ಟ್ರಂಕಿನ ಧೂಳು ಒರೆಸುತ್ತಿದ್ದಳು. ಕಣ್ಣುಗಳ ಸುತ್ತ ಕಪ್ಪು ಕಟ್ಟಿತ್ತು. “ಇಳಕಲ್ಲಿನಿಂದ ಮೈದುನ ಕಾಗದ ಬರದಾನ. ‘ಅಲ್ಲಿ ಏನ ಸುಖ ಐತಿ, ಬಂದುಬಿಡು’ ಅಂತ. ಮಹಾನವಮಿಗೆ ಹೋಗ್ತೇನಿ” ಎಂದಳು. ಟ್ರಂಕಿನ ಮುಚ್ಚಳ ಹಾಕಿ ಹೇಳಿದಳು: “ಗದ್ದಲದಾಗ ಇರೂದ ಹಣ್ಯಾಗ ಬರದಿದ್ರ, ಮನುಷ್ಯಾರ ಗದ್ದಲನ ವಾಸಿ. ಅನ್ನಾನಾದ್ರೂ ಹಾಕ್ತಾರ.”

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದೆನೋ ಏನೋ. ಹೊಳೆ ದಾಟುವಾಗ ಮೀರಾಸಾಬ ನನ್ನತ್ತ ನೋಡಲಿಲ್ಲ. ಹುಟ್ಟು ಹಾಕುತ್ತ ನೀರಿಗೆ ಹೇಳುವಂತೆ, “ಗೆಣಸು ಭಾಳ ತುಟ್ಟಿ ಬಿತ್ರೆಪಾ” ಎಂದ.

ಆಗ ನಾನು ಎರಡನೆಯ ತಪ್ಪು ಮಾಡಿದೆ. ಪರದೇಶದವರು ಕಪ್ಪೆಯ ಕಾಲು ತಿನ್ನುತ್ತಾರೆ, ಅದಕ್ಕಾಗಿ ದಲ್ಲಾಳಿಗಳು ಊರೂರು ತಿರುಗುತ್ತಿದ್ದಾರೆ ಎಂದು ಕಾಲೇಜಿನಲ್ಲಿ ಕೇಳಿದ್ದೆ. ಬಾಗಲಕೋಟೆಯ ಸ್ಟೇಶನ್ನಿನ ಹೊರಗೆ ಬುಟ್ಟಿಗಳ ರಾಶಿಯ ಪಕ್ಕದಲ್ಲಿ ಅಂಥವನೊಬ್ಬ ಸಿಕ್ಕ. ಇಪ್ಪತ್ನಾಲ್ಕು ಜೀವಗಳನ್ನು ಕತ್ತರಿಯಿಂದ ಉಳಿಸಿದ ದಯಾಳುವಾದ ನಾನೇ ಈಗ ಅವುಗಳ ಮಕ್ಕಳು ಮೊಮ್ಮಕ್ಕಳ ವಿಳಾಸವನ್ನು ಬರೆದುಕೊಟ್ಟೆ. ಶ್ರಾವಣದ ಒಂದು ಸಂಜೆ ಆ ದಲ್ಲಾಳಿ, ಇಬ್ಬರು ಆಳುಗಳು, ಗೋಣಿಚೀಲಗಳು, ಒಂದು ಪೆಟ್ರೋಮ್ಯಾಕ್ಸ್ ಎಲ್ಲವೂ ಮೀರಾಸಾಬನ ಹರಿಗೋಲಿನಲ್ಲಿ ನಡುಗಡ್ಡೆಗೆ ಬಂದಿಳಿದವು. ನಾನು ಏನೂ ಅರಿಯದವನಂತೆ ಮುಂಜಾನೆಯೇ ಅಲ್ಲಿಗೆ ಬಂದು ಕುಳಿತಿದ್ದೆ. ಅತ್ತೆ ಹರ್ಷದಿಂದಲೇ ಎದುರುಗೊಂಡಳು. ಚಹಾ ಕೊಟ್ಟಳು. ಕೊಡುವಾಗ ಸಹಜವಾಗಿ ಕೇಳಿದಳು:

“ಎಲ್ಲಿ ಒಯ್ದು ಬಿಡ್ತೀರಪಾ ಇವನ್ನ?”

“ಬಿಡೂದೆಲ್ಲಿ ಬಂತ್ರಿ ಅಮ್ಮಾರ,” ಎಂದ ದಲ್ಲಾಳಿ ನಗುತ್ತ. “ಕಾಲು ಕಡದು ಡಬ್ಬಿಗೆ ಹಾಕಿ ಪರದೇಶಕ್ಕ ಕಳಸ್ತೇವಿ. ಉಳದಿದ್ದನ್ನ ಅಲ್ಲೇ ಒಗಿತೇವಿ.”

ಅತ್ತೆ ಅವನ ಕೈಯಿಂದ ಚಹಾದ ಬಸಿಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು. “ಎದ್ದು ಹೊಂಡ್ರಿ” ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಬದನೆಯ ಗಿಡಕ್ಕೆ ಕೊಟ್ಟಿದ್ದ ಗೂಟವನ್ನು ಕಿತ್ತು ಕೈಯಲ್ಲಿ ಹಿಡಿದಾಗ ಅರ್ಥವಾಯಿತು. “ಇವು ನನ್ನ ನಿದ್ದಿ ಕೆಡಿಸ್ಯಾವು. ಬೈದ್ರ ನಾ ಬೈತೇನಿ, ನಡುವ ನೀ ಯಾವಾಂವಲೇ? ನನ್ನ ಬಾಗಿಲದಾಗ ಕೂತು ಕಾಲು ಕಡೀತೇನಿ ಅಂತಿ?” ಮೂವರು ಗಂಡಸರು ಹಿಂದೆ ಹಿಂದೆ ಹೆಜ್ಜೆಯಿಡುತ್ತ ನೀರಿನವರೆಗೆ ಬಂದರು; ಪೆಟ್ರೋಮ್ಯಾಕ್ಸ್ ಹೊತ್ತವನು ಕಪ್ಪೆಯೊಂದನ್ನು ತುಳಿದು ಜಾರಿ ದೀಪದ ಸಮೇತ ಹೊಂಡಕ್ಕೆ ಬಿದ್ದ. ಸುತ್ತಲಿನ ಕಪ್ಪೆಗಳೆಲ್ಲ ಒಮ್ಮೆಗೇ ಬಾಯಿಬಿಟ್ಟವು. ಅದು ಜಯಘೋಷವಲ್ಲವೆಂದು ಇಂದಿಗೂ ನನ್ನನ್ನು ಯಾರೂ ಒಪ್ಪಿಸಲಾರರು.

ಅವರು ಹೋದ ಮೇಲೆ ಅತ್ತೆ ಬೇವಿನ ಬುಡದಲ್ಲಿ ಕುಳಿತು ಏದುಸಿರು ಬಿಡುತ್ತಿದ್ದಳು. ನಾನು ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಕಾಲೇಜು, ಬುಟ್ಟಿ, ಚೀಲ, ಗೆಣಸು. ದಲ್ಲಾಳಿಯನ್ನು ಕರೆದವನೂ ನಾನೇ ಎಂಬುದನ್ನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ಗೂಟವನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು. “ಅಂದ್ರ ಇವು ಅಲ್ಲಿದ್ರ ಸಾಯ್ತಿದ್ವು?”

“ಹೂಂ.”

“ಜೀವ ಉಳಿಸ್ಕೊಳ್ಳಾಕ ಇಲ್ಲಿ ಬಂದಾವು.”

“ಹೂಂ ಅತ್ತಿ.”

“ನಾ ಮತ್ತೇನ ಮಾಡಾಕ ಬಂದೇನಿ ಇಲ್ಲಿ?” ಎಂದಳು ಅತ್ತೆ. ಹೊಂಡದ ಕಡೆ ನೋಡಿ, ತನ್ನ ಸಂಬಂಧಿಕರನ್ನು ಗುರುತಿಸಿದವಳಂತೆ ನಿಟ್ಟುಸಿರು ಬಿಟ್ಟಳು. ನಾನು ಕ್ಷಮೆ ಸಿಕ್ಕಿತೆಂದು ಹಗುರಾಗುವಷ್ಟರಲ್ಲಿ ನನ್ನ ಕಡೆ ತಿರುಗಿ, “ಕಪ್ಪಿ ಬಿಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ಮೂರು ವರ್ಸ ನನ್ನ ಮಾರಿ ನೋಡಕೋತ ಸುಮ್ನ ಇದ್ದಿ ನೋಡು, ಅದಕ್ಕ ಐತಿ. ನಾ ಕರಿಯೂತನಕ ಇಲ್ಲಿ ಬರಬ್ಯಾಡ” ಎಂದಳು.

ಅವಳು ಮಹಾನವಮಿಗೆ ಇಳಕಲ್ಲಿಗೆ ಹೋಗಲಿಲ್ಲವೆಂಬ ಸುದ್ದಿ ಮೀರಾಸಾಬನಿಂದ ತಿಳಿಯಿತು. ನನಗೆ ಮಾತ್ರ ಕರೆ ಬರಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯ ಬೇವುಬೆಲ್ಲದಲ್ಲಿ ನನ್ನ ಪಾಲಿಗೆ ಬೇವೇ ಹೆಚ್ಚು ಬಂತು. ಪ್ರಯೋಗಾಲಯಕ್ಕೆ ಹೊಸ ಕಪ್ಪೆಗಳು ಬಂದಾಗ ಅವುಗಳ ಮುಖ ನೋಡುವುದೇ ಕಷ್ಟವಾಯಿತು. ಆ ವರ್ಷ ನಾನು ಸಸ್ಯಶಾಸ್ತ್ರ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟೆ. ಅದಕ್ಕೆ ಬೇಕಾದ ಪದವಿ ನನ್ನಲ್ಲಿಲ್ಲವೆಂದು ಪ್ರಿನ್ಸಿಪಾಲರು ನೆನಪಿಸಿದರು.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಸುರಿದ ಎರಡನೆಯ ದಿನ ಕಮತಗಿಯಿಂದ ಬಂದ ಬಸ್ಸಿನ ಕಂಡಕ್ಟರ್ ಕಾಲೇಜಿನ ಗೇಟಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. “ನಿಮ್ಮ ಅತ್ಯಾರು ಹೇಳ್ಯಾರ್ರಿ. ಇವತ್ತ, ಈಗಿಂದೀಗ ಬರಬೇಕಂತ.” ನಾನು ಅದೇ ಬಸ್ಸಿನಲ್ಲಿ ಕುಳಿತೆ. ಏನು ಅನಾಹುತವಾಯಿತೋ ಎಂದು ದಾರಿಯುದ್ದಕ್ಕೂ ಕಂಡಕ್ಟರನನ್ನು ಕೇಳುತ್ತಲೇ ಇದ್ದೆ. ದಂಡೆಯಲ್ಲಿ ಮೀರಾಸಾಬ ನನ್ನನ್ನು ಕಂಡೊಡನೆ ಹರಿಗೋಲು ತಿರುಗಿಸಿದ.

ನಡುಗಡ್ಡೆಯ ತಿರುವು ದಾಟಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಇಳಿಮಧ್ಯಾಹ್ನದ ತೊಳೆದ ಬಿಸಿಲು. ಎರಡು ಹೊಂಡಗಳು ಸೇರಿ ಒಂದಾಗಿದ್ದವು. ನೀರಿನ ಮೇಲೆ, ಹುಲ್ಲಿನ ಮೇಲೆ, ಬದನೆಯ ಸಾಲುಗಳ ನಡುವೆ, ಗುಡಿಸಲಿನ ಹೊಸ್ತಿಲವರೆಗೂ ಹಳದಿ, ಹಳದಿ, ಹಳದಿ. ಮಾಸಿದ ಹಳದಿಯಲ್ಲ, ಆಗ ತಾನೇ ಅರೆದ ಹಸಿ ಅರಿಷಿಣದ ಹಳದಿ. ನೂರಾರು ಗಂಡುಕಪ್ಪೆಗಳು ಗಲ್ಲದ ಎರಡೂ ಬದಿಗೆ ಕಡುನೀಲಿ ಬುಗ್ಗೆಗಳನ್ನು ಊದಿಕೊಂಡು, ಒಂದರ ಮೇಲೊಂದು ನೆಗೆದು, ಬಿದ್ದು, ಮತ್ತೆ ನೆಗೆದು ಮುಗಿಲು ಬಿರಿಯುವಂತೆ ಒದರುತ್ತಿದ್ದವು. ಆರು ವರ್ಷ ಕಪ್ಪೆಯ ಹೊಟ್ಟೆ ಕೊಯ್ದು ಹೃದಯ ತೋರಿಸುತ್ತಿದ್ದವನು ನಾನು. ಅದರ ಹೃದಯದಲ್ಲಿ ಏನಿದೆಯೆಂದು ನೋಡಿದ್ದು ಅಂದೇ.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಹತ್ತಿ ಕಿವಿಯಲ್ಲಿರಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ನನ್ನ ತೋಳು ಹಿಡಿದೆಳೆದು ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: “ನೋಡಲೇ ಬಸ್ಯಾ! ಗಂಡ ಸತ್ತಾಗಿಂದ ಒಬ್ಬರಾರ ನನ್ನ ಅರಿಷಿಣ ಹಚ್ಚೂ ಮನಿಗೆ ಕರದಿದ್ದಿಲ್ಲ. ಈಗ ನೋಡು, ಮದಿಮಕ್ಕಳ ದಿಬ್ಬಣನ ನನ್ನ ಬಾಗಿಲಿಗೆ ಬಂದೈತಿ!”

ನಾನು ನಕ್ಕೆ. ಮೀರಾಸಾಬ ನಕ್ಕ. ಕಪ್ಪೆಗಳ ಮದುವೆಗೆಂದು ಅತ್ತೆ ಮಾದಲಿ ಮಾಡಿದ್ದಳು. ಬೆಲ್ಲ, ಏಲಕ್ಕಿ, ಕೊಬ್ಬರಿ ಬಿದ್ದ ಗೋಧಿಯ ಪುಡಿಗೆ ಹಾಲು ತುಪ್ಪ ಸುರಿದು, ಮೂರು ತಾಟು ತುಂಬಿಸಿ ಕಟ್ಟೆಯ ಮೇಲಿಟ್ಟಳು. ಒಂದು ಮದುಮಗ ನನ್ನ ತಾಟಿನ ಅಂಚಿಗೇ ಬಂದು ಕುಳಿತ. ಸರಿದು ಜಾಗ ಕೊಟ್ಟೆ. ಯಾರ ಮಾತೂ ಯಾರಿಗೂ ಕೇಳಿಸದ ಆ ಊಟದ ನಡುವೆ ಅತ್ತೆ ನನ್ನತ್ತ ಬಾಗಿ ಏನನ್ನೋ ಕೇಳಿದಳು. ಇನ್ನೊಂದಿಷ್ಟು ಮಾದಲಿ ಹಾಕಲೇ ಎಂದಿರಬೇಕೆಂದು ನಾನು ಬಾಯಿ ತುಂಬಿಕೊಂಡೇ “ಹೂಂ” ಎಂದು ತಲೆಯಾಡಿಸಿದೆ. ಅವಳು ಮಾದಲಿ ಹಾಕಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, ದೃಷ್ಟಿ ತಾಗದಿರಲೆಂದು ನೆಟಿಗೆ ಮುರಿದಳು.

ಹರಿಗೋಲು ಅರ್ಧ ಹೊಳೆ ದಾಟಿದ ಮೇಲೆ, ಮೀರಾಸಾಬ ಹುಟ್ಟು ನಿಲ್ಲಿಸಿ, “ಮುಬಾರಕ್ ರೀ ಮಾಸ್ತರ” ಎಂದ.

“ಯಾತಕ್ಕೋ?”

“ಹುನಗುಂದದ ಸಾಲಿ ಟೀಚರ್ ಅದಾಳಲ್ರಿ, ಅಕ್ಕಾರ ಗೆಳತಿ ಮಗಳು. ‘ಆಕಿನ್ನ ಲಗ್ನ ಮಾಡ್ಕೊಂತಿ ಏನು’ ಅಂತ ಕೇಳಿದ್ರು. ನೀವು ಹೂಂ ಅಂದ್ರಿ. ನಾ ಸಾಕ್ಷಿ ಅದೀನಿ.”

ನಾನು ಹರಿಗೋಲು ಅಲುಗಾಡುವಂತೆ ಎದ್ದುನಿಂತೆ. ನಡುಗಡ್ಡೆಯ ಅಂಚಿನಲ್ಲಿ, ಆ ಹಳದಿಯ ನಡುವೆ, ಅತ್ತೆ ಇನ್ನೂ ಕೈಬೀಸುತ್ತ ನಿಂತಿದ್ದಳು. “ಅತ್ತೀ! ನನಗ ಕೇಳಿಸಿದ್ದಿಲ್ಲಾ!” ಎಂದು ಗಂಟಲು ಹರಿಯುವಂತೆ ಕೂಗಿದೆ.

ಅತ್ತೆ ಕಿವಿಗೆ ಕೈ ಹಚ್ಚಿ ಆಲಿಸಿದಳು. ಕಪ್ಪೆಗಳ ಕಡೆ ತೋರಿಸಿ, ಏನೂ ಕೇಳಿಸುತ್ತಿಲ್ಲವೆಂದು ಎರಡೂ ಕೈ ಅಲ್ಲಾಡಿಸಿ, ಸೆರಗು ಸಿಕ್ಕಿಸಿಕೊಂಡು ಗುಡಿಸಲಿನೊಳಗೆ ಹೋಗಿಬಿಟ್ಟಳು.